ಎಣ್ಣೆ ಟ್ಯಾಂಕಿನ ಬಳಿ ನನಗಿಟ್ಟ ಹೂವು

ಪೂಮಣಿ,

ಇವತ್ತು ನಿನ್ನ ಮೊಮ್ಮಗಳು ಲಂಡನ್ನಿನಿಂದ ನಮ್ಮ ಬಂದರೂರು ತಿರುಕೋಣಮಲೆಗೆ ಬಂದಿದ್ದಳು. ಯುದ್ಧ ಕಂಡ ಮುದುಕಿಯೆಂದು ಯಾರೋ ನನ್ನ ಮನೆ ತೋರಿಸಿದ್ದರು.

“ತಾತನಿಗೆ ಗೊತ್ತುಮಾಡಿದ್ದ ಹುಡುಗಿ ಅನ್ನಪಿಳ್ಳೆ ಜಪಾನಿನವರ ಬಾಂಬಿಗೆ ಸತ್ತುಹೋದಳಂತೆ. ಆಮೇಲೇ ಅಜ್ಜೀನ ಮದುವೆಯಾದರಂತೆ. ಆ ಜಾಗ ತೋರಿಸ್ತೀರಾ, ಅಮ್ಮಾ?” ಅಂದಳು.

ನನ್ನ ಸೋದರತ್ತೆಯ ಮಗನನ್ನು ಹಾರಿಸಿಕೊಂಡು ಇಂಗ್ಲಿಷರ ಹಡಗು ಹತ್ತಿದ್ದು ಸಾಲದೆ, ನನ್ನನ್ನು ಕೊಂದೇಬಿಟ್ಟೆಯಲ್ಲೇ!

ನಾನೇ ಆ ಅನ್ನಪಿಳ್ಳೆ ಎಂದು ಹೇಳಲಿಲ್ಲ. ಬಂದರಿನಲ್ಲಿ ಆ ಬಾಂಬಿಗೆ ಸುಟ್ಟುಹೋದ ಎಣ್ಣೆ ಟ್ಯಾಂಕಿನ ಬಳಿ ಕರೆದೊಯ್ದೆ. ಅವಳು ಹೂವಿಟ್ಟು ಕೈಮುಗಿಯುವಾಗ ಬಿಸಿಲು ತಾಗದಂತೆ ನಾನೇ ಕೊಡೆ ಹಿಡಿದೆ.

“ನೋಡೋಕೆ ಹೇಗಿದ್ದಳು?”

“ನಿಮ್ಮಜ್ಜಿಗಿಂತ ನೂರು ಪಾಲು ಚೆಂದ,” ಅಂದೆ.

ತಾತ ಇನ್ನೂ ಇದ್ದಾರಾ ಎಂಬ ಮಾತು ನಾಲಿಗೆ ತುದಿಗೆ ಬಂತು. ಸತ್ತವಳು ಕೇಳುವುದು ಹೇಗೆ?