ಫ್ಯಾನ್ ಇಲ್ಲದ ಲ್ಯಾಪ್‌ಟಾಪ್

ವೀರೇಶಣ್ಣಾ,

ಒಗ್ಗರಣೆ ಅವಲಕ್ಕಿ ಮುಚ್ಚಿಟ್ಟಿದ್ದೇನೆ. ತಿಂದುಕೊಂಡೇ ಲ್ಯಾಪ್‌ಟಾಪ್ ತರಲು ಹೊರಡು. ಮಾರೇನಹಳ್ಳಿಯ ಆ ಅಂಗಡಿ ಹನ್ನೊಂದಕ್ಕೆ ಮುಂಚೆ ತೆರೆಯುವುದಿಲ್ಲ.

ನಿನ್ನೆ ನೀನು ಆರಿಸಿದ ಬೂದು ಬಣ್ಣದ್ದು ಬೇಡ, ಅದು ಎರಡು ಕೋರಿನ ಪ್ರೊಸೆಸರ್, ಅಂದರೆ ಕೆಲಸಕ್ಕೆ ಎರಡೇ ಕೈ ಇದ್ದ ಹಾಗೆ. ಪಕ್ಕದಲ್ಲಿದ್ದ ಕಪ್ಪು ಬಣ್ಣದ್ದು ತಾ, ಅದರದ್ದು ನಾಲ್ಕು ಕೋರ್. "ಫ್ಯಾನ್ ಸದ್ದೇ ಬರ್ತಿಲ್ಲ, ಸತ್ತೋಗಿದೆ ಕಣೇ ಇದು" ಎಂದು ನೀನು ಅದನ್ನು ಆಚೆ ಸರಿಸಿದೆ. ಅದರಲ್ಲಿ ಫ್ಯಾನೇ ಇಲ್ಲ. ಕರೆಂಟ್ ಕಡಿಮೆ ತಿನ್ನುವ ಪ್ರೊಸೆಸರ್ ಅಷ್ಟಾಗಿ ಬಿಸಿಯಾಗುವುದಿಲ್ಲ. ಅಂಗಡಿಯವರು ಇದನ್ನು ಹೇಳಲು ಮೂರು ಸಲ ಬಾಯಿ ತೆರೆದರು, ನೀನು ಬಿಡಲಿಲ್ಲ.

ನೀವಿಬ್ಬರೂ ಮಾತಾಡುತ್ತಿದ್ದಾಗ ನಾನು ಎರಡರಲ್ಲೂ ಒಂದೇ ಗಣಿತ ಪಾಠದ ವಿಡಿಯೊ ಹಾಕಿ, ಜೊತೆಗೆ ಪಠ್ಯಪುಸ್ತಕವನ್ನೂ ತೆರೆದೆ. ಬೂದು ಬಣ್ಣದ್ದರಲ್ಲಿ ಮೇಷ್ಟ್ರು ಸೀಮೆಸುಣ್ಣ ಎತ್ತಿದವರು ಹಾಗೇ ನಿಂತುಬಿಟ್ಟರು. ಕಪ್ಪು ಬಣ್ಣದ್ದರಲ್ಲಿ ಲೆಕ್ಕ ಮುಗಿಸಿ ಬೋರ್ಡ್ ಒರೆಸಿದರು.

ಅಪ್ಪನ ಅಂಗಡಿಯ ಬಿಲ್ ಹಾಕಲು ಎರಡು ಕೋರ್ ಧಾರಾಳವಾಯಿತು. ಆದರೆ ನಾನು ಎಸ್ಸೆಸ್ಸೆಲ್ಸಿಗೆ ಖಾಸಗಿಯಾಗಿ ಕಟ್ಟಿದ್ದೇನೆ. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವಳು ಅಂತ ನಿನ್ನೆ ಅಲ್ಲಿ ಎಲ್ಲರೆದುರು ಹೇಳಲು ಬಾಯಿ ಬರಲಿಲ್ಲ. ಪಾಠವೆಲ್ಲ ವಿಡಿಯೊದಲ್ಲೇ. ಮೇಷ್ಟ್ರು ನಿಂತರೆ ನಾನೂ ನಿಂತ ಹಾಗೆ.

ಅಪ್ಪನಿಗೆ ಇನ್ನೂ ಗೊತ್ತಿಲ್ಲ, ನೀನೇ ಹೇಳು. ನಿನಗೆ ನಗು ಬಂದರೆ ನಾನು ಹೊಲಿಗೆ ಕೆಲಸ ಮುಗಿಸಿ ಬರುವುದರೊಳಗೆ ನಕ್ಕು ಮುಗಿಸಿರು.

ಅನಘಾ