ಎತ್ತರದ ಹುಲ್ಲಿನಲ್ಲಿ ಬಿದ್ದ ಚೆಂಡು

ಜೂನ್ 12, 1909. ಬೆಳಿಗ್ಗೆ

ಎಂದಿನಂತೆ ಬೆರಳುಗಳಿಗೆ ಬಿಸಿನೀರು. ಹನ್ನೊಂದು ವರ್ಷ ಸಂಬಳಕ್ಕೆ ಬೇಸ್‌ಬಾಲ್ ಆಡಿದ ಕೈ. ಕೈಗವಸು ಕಂಡದ್ದಲ್ಲ. ಒಂದೊಂದು ಬೆರಳೂ ಒಂದೊಂದು ಊರಿಗೆ ಹೊರಟಂತಿದೆ.

"ಯಾವತ್ತಾದ್ರೂ ಶುಂಠಿ ಅಂತ ಕೇಕಿಗೆ ತುರಿದು ಹಾಕ್ಬಿಡ್ತೀನಿ" ಅಂದಳು ಹೆಂಡತಿ ಲವೀನಾ.

ಪುರಸಭೆಯಿಂದ ಕಾಗದ. ಮುಂದಿನ ತಿಂಗಳು ಹಳಬರ ಆಟವಂತೆ. ಹಳೇ ನಿಯಮ, ಬರಿಗೈ. ಎದುರು ಪಕ್ಷದಲ್ಲಿ ಹಳೇ ಗೆಳೆಯ ಓರಿನ್ ಹೆಸರಿದೆ.

ಬೆಳಗಿನ ಜಾವ ಮತ್ತೆ ಅದೇ ಕನಸು. ಚೆಂಡು ಮೇಲೇರುತ್ತದೆ. ಮೋಡದಲ್ಲಿ ಮೋಡವಾಗುತ್ತದೆ. ಇಳಿಯುವುದೇ ಇಲ್ಲ...

ಅದೇ ದಿನ, ಮಧ್ಯಾಹ್ನ

ಕಪಾಟಿನ ಮೇಲಿನ ಚೆಂಡು ಒರೆಸಿದೆ. ಸೋತವರು ಗೆದ್ದವರಿಗೆ ಚೆಂಡು ಒಪ್ಪಿಸುತ್ತಿದ್ದ ಕಾಲದ್ದು. ಚಿನ್ನದ ಬಣ್ಣ, ಮೇಲೆ ಇಸವಿ — 1873.

ಅವತ್ತು ದೊಡ್ಡ ಕ್ಲಬ್ಬಿನವನೊಬ್ಬ ನೋಡಲು ಬಂದಿದ್ದ. ಒಬ್ಬನಿಗೆ ಮಾತ್ರ ಕೆಲಸ. ನನಗೋ, ಓರಿನ್‌ಗೋ. ಓರಿನ್ ಹೊಡೆದ. ಮೊಣಕಾಲೆತ್ತರದ ಹುಲ್ಲಿನೊಳಕ್ಕೆ ಹಾರಿಬಿದ್ದೆ. ಅಂಪೈರಿಗೆ ಕಾಣಲಿಲ್ಲ. ಆಗಿನ ಪದ್ಧತಿಯಂತೆ ನನ್ನನ್ನೇ ಕೇಳಿದ:

"ಮಾನದ ಮೇಲೆ ಹೇಳಪ್ಪ ಅಮೋಸ್, ಹಿಡಿದೆಯಾ?"

ನೆಲಕ್ಕೆ ತಾಗಿತ್ತು. ಒಂದೇ ಸಲ, ಮೆತ್ತಗೆ. ಹುಲ್ಲೇ ಎತ್ತಿ ಕೈಗಿಟ್ಟ ಹಾಗೆ.

"ಹಿಡಿದೆ" ಅಂದೆ.

ನನಗೆ ರೈಲು, ಊರೂರು, ಚಪ್ಪಾಳೆ. ಓರಿನ್‌ಗೆ ಬೂಟಿನ ಕಾರ್ಖಾನೆಯಲ್ಲಿ ಕೂಲಿ, ಮೂವತ್ತಾರು ವರ್ಷ.

ಕಣ್ಣು ಮುಚ್ಚುವ ಮೊದಲು ಹೇಳಬೇಕು. ನಾಳೆಯೇ.

ಜೂನ್ 13

ಹೇಳಲಾಗಲಿಲ್ಲ.

ಓರಿನ್ ಮೆಟ್ಟಿಲ ಮೇಲೆ ಮೊಮ್ಮಗಳನ್ನು ಕೂರಿಸಿಕೊಂಡಿದ್ದ.

"ಬಾರೋ ಕಳ್ಳ! ನೋಡೇ ಪುಟ್ಟಿ, ನಿನ್ನ ತಾತನ್ನ ಔಟ್ ಮಾಡಿದ ಮಹಾಶಯ ಇವನೇ. ಹದ್ದು ಎರಗ್ದಂಗೆ ಎರಗ್ದ! ಬೇರೆ ಯಾರ ಕೈಲೂ ಆಗ್ತಿರ್ಲಿಲ್ಲ. ಸೋತ್ರೂ ಅಂಥಾ ಕ್ಯಾಚಿಗೇ ಸೋಲ್ಬೇಕು ಕಣೇ."

"ಓರಿನ್, ಒಂದು ಮಾತು—"

"ಗೊತ್ತು ಬಿಡೋ, ಪೈ ತಿನ್ಬೇಕು ತಾನೆ? ಕೂತ್ಕೋ."

ಕೂತೆ. ತಿಂದೆ. ಅವನ ಪಾಲಿಗೆ ಉಳಿದದ್ದು ಆ ಹೆಮ್ಮೆ ಒಂದೇ. ಅದನ್ನೂ ಕಸಿಯಲೇ? ಒಂದು ಸಲ ಕಸಿದದ್ದು ಸಾಲದೇ?

ಜುಲೈ 5, ಸಂಜೆ

ಅದೇ ಮೈದಾನ. ನಮಗೋಸ್ಕರ ಹುಲ್ಲು ಕೊಯ್ಯದೆ ಬಿಟ್ಟಿದ್ದರು. ಬಿಸಿಲು ಜೇನಿನಂತೆ ಸುರಿಯುತ್ತಿತ್ತು.

ಓರಿನ್ ಹೊಡೆದ. ಚೆಂಡು ಏರಿತು, ಏರಿತು... ಕನಸಿನದೇ ಚೆಂಡು. ಊರಿಗೆ ಊರೇ ಉಸಿರು ಹಿಡಿಯಿತು. ಆಮೇಲೆ ಇಳಿಯಿತು. ನೆಲ ಮುಟ್ಟಲಿಲ್ಲ, ಸೀದಾ ಕೈಗೆ. ಬಿದ್ದೆ. ಹುಲ್ಲು ನನ್ನನ್ನು ಮುಚ್ಚಿಕೊಂಡಿತು.

ಅಂಪೈರು ಚಿಕ್ಕ ವಯಸ್ಸಿನವನು. ಹಳೇ ಪದ್ಧತಿಯಂತೆ ನಗುತ್ತಾ ಕೇಳಿದ. "ಮಾನದ ಮೇಲೆ ಹೇಳಿ ಅಜ್ಜ, ಹಿಡಿದ್ರಾ?"

"ಇಲ್ಲಪ್ಪ. ನೆಲಕ್ಕೆ ತಾಗಿತು."

ಮೊದಲ ಬೇಸ್ ಮೇಲೆ ಓರಿನ್ ನಿಂತೇ ಇದ್ದ. ನಗಲಿಲ್ಲ.

ಮನೆಗೆ ಜೊತೆಯಲ್ಲೇ ನಡೆದೆವು. ಸೇತುವೆ ಹತ್ತಿರ ಅಂದ, "ಕೈ ತೋರ್ಸು." ಅಂಗೈ ಊದಿತ್ತು. ಚೆಂಡಿನ ಹೊಲಿಗೆಯ ಗುರುತು ಕೆಂಪಗೆ ಮೂಡಿತ್ತು.

"ಪುಟಿದ ಚೆಂಡು ಹೀಗೆ ಕಚ್ಚಲ್ಲ. ಹಿಡಿದಿದ್ದೆ ನೀನು. ಯಾಕೋ ಸುಳ್ಳು ಹೇಳ್ದೆ?"

ಕೆಳಗೆ ನೀರು ಹರಿಯುತ್ತಿತ್ತು. ಬೆರಳು ಹಿಡಿದು ಅಂಗೈ ತಿರುಗಿಸಿ ನೋಡುತ್ತಾ ಕೇಳಿದ:

"ಹಾಗಾದ್ರೆ... ಅವತ್ತು?"

ನನ್ನ ಸೊಟ್ಟ ಬೆರಳುಗಳನ್ನು ಅವನಿನ್ನೂ ಬಿಟ್ಟಿರಲಿಲ್ಲ.

"ಓರಿನ್," ಅಂದೆ, "ಅವತ್ತು ಹುಲ್ಲು ಎತ್ತರ ಇತ್ತು. ನೆಲಕ್ಕೆ ತಾಗಿತ್ತು ಕಣೋ, ಒಂದೇ ಸಲ."