ಸಿಂಪಿಗ ಹಕ್ಕಿ ಬಿಟ್ಟುಹೋದ ಮೊಟ್ಟೆ

ಮಲಾಡ್, ಭಾನುವಾರ

ಮಲ್ಲವ್ವ ಆಂಟಿಯವರಿಗೆ, ನಮಸ್ಕಾರ.

ಕಾರಿಡಾರಿನಲ್ಲಿದ್ದ ನಿಮ್ಮ ಬದನೆ ಗಿಡದ ಎಲೆ ಹೊಲಿದು ಗೂಡು ಕಟ್ಟಿದ್ದ ಸಿಂಪಿಗ ಹಕ್ಕಿ ಮೊಟ್ಟೆ ಬಿಟ್ಟುಹೋದದ್ದು ನೀವು ನೀರು ಹಾಕಿದ್ದರಿಂದಲ್ಲ. ದಿನವೂ ಫೋಟೊ ತೆಗೆಯಲು ಆ ಎಲೆಗಳನ್ನು ಬಿಡಿಸಿ ನೋಡುತ್ತಿದ್ದವಳು ನಾನು.

ಅದು ಗೊತ್ತಿದ್ದೂ ನಮ್ಮ ಕಟ್ಟಡದ ಸೊಸೈಟಿ ಮೀಟಿಂಗಿನಲ್ಲಿ ತಪ್ಪನ್ನು ನಿಮ್ಮ ಮೇಲೆ ಹೊರಿಸಿದೆ. "ಮಳಿಗಿ ಹೆದರದ ಹಕ್ಕಿ ನನ್ನ ತಂಬಿಗಿ ನೀರಿಗೆ ಓಡಿತೇನ, ತಂಗಿ?" ಎಂದು ನೀವು ಕೇಳಿದಾಗ, ಗೂಡು ಮುಟ್ಟಬಾರದೆಂದು ನಾನೇ ಬರೆದು ಹಂಚಿದ್ದ ಕರಪತ್ರವನ್ನು ಗಟ್ಟಿಯಾಗಿ ಓದಿದೆ. ನಿಮ್ಮ ಕುಂಡಗಳನ್ನು ಟೆರೇಸಿಗೆ ಹಾಕಿಸಿದರು; ನಾನು ಚಪ್ಪಾಳೆ ತಟ್ಟಿದೆ.

ಸೆಕ್ರೆಟರಿಗೆ ನಿಜ ಬರೆದುಕೊಟ್ಟಿದ್ದೇನೆ. ಕುಂಡಗಳನ್ನು ನಾಳೆ ಬೆಳಿಗ್ಗೆ ನಾನೇ ನಿಮ್ಮ ಬಾಗಿಲಿಗೆ ತಂದಿಡುತ್ತೇನೆ. ನೀವು ಹೊರಗೆ ಬರಬೇಕಾಗಿಲ್ಲ. ಹಕ್ಕಿ ಮತ್ತೆ ಗೂಡು ಕಟ್ಟಿದರೆ ದಯವಿಟ್ಟು ನನಗೆ ಹೇಳಬೇಡಿ.

ನಮಿತಾ
ಮೂರನೇ ಮಹಡಿ